ಹಿಮದ ಮೇಲೆ ನಾರ್ವೆಯವರು

ಒಲಿಂಪಿಕ್ ಪಂದ್ಯಗಳೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುವು ಓಟ, ನೆಗೆತ, ಈಜು, ಹಾಕಿ ಮೊದಲಾದ ಆಟಗಳು. ಇವೆಲ್ಲ ಬಿಸಿಲಿನಲ್ಲಿ, ಹಸುರು ಬಯಲಿನಲ್ಲಿ ನಡೆಯತಕ್ಕವು. ಇವುಗಳ ಜೊತೆಗೆ ಚಳಿನಾಡುಗಳವರು ಹಿಮದ ಮೇಲೆ ನಡೆಸುವ ಇನ್ನೊಂದು ಪಂದ್ಯಮಾಲೆಯೂ ಉಂಟು. ಅದರಲ್ಲಿ ಮೊದಲನೆಯದು ನಡೆದುದು ೧೯೨೪ನೆಯ ಇಸವಿಯಲ್ಲಿ, ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತಗಳ ನಡುವಣ ಶಾಮೊನಿ ಎಂಬ ಊರಿನಲ್ಲಿ. ಆ ಪಂದ್ಯಗಳಿಗೆ ನಾರ್ವೆ ದೇಶದಿಂದ ಬಂದ ತಂಡದ ವಿಚಾರವನ್ನು ಇಂದು ನಮ್ಮ ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇವೆ. ಇಂತಹ ಪಂದ್ಯಗಳೇ ಬೇಡವೆಂದು ವಾದಿಸಿದ ದೇಶ ನಾರ್ವೆ. ಬೇಡವೆಂದೇ ಬಂದು ಎಲ್ಲರಿಗಿಂತ ಹೆಚ್ಚು ಪದಕಗಳನ್ನು ಗೆದ್ದು ಹೋದ ದೇಶವೂ ಅದೇ. ಐವತ್ತು ವರ್ಷಗಳ ಮೇಲೆ, ಆ ಪದಕಗಳಲ್ಲೊಂದು ತಮ್ಮದಲ್ಲವೆಂದು ತಾವೇ ಲೆಕ್ಕ ಹಾಕಿ ತೋರಿಸಿದವರೂ ಆ ದೇಶದವರೇ.

ಮೊದಲು ಆಟಗಳ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಚಳಿನಾಡುಗಳಲ್ಲಿ ನೀರು ಎರಡು ವಿಧವಾಗಿ ನೆಲವನ್ನು ಮುಚ್ಚುತ್ತದೆ. ಕೆರೆ ಹೊಳೆಗಳ ಮೇಲೆ ಅದು ಕಲ್ಲಿನಂತೆ ಗಟ್ಟಿಯಾದ ಮಂಜುಗಡ್ಡೆಯಾಗುತ್ತದೆ; ಬೆಟ್ಟ ಬಯಲುಗಳ ಮೇಲೆ ಅರಳೆಯಂತೆ ಸುರಿದು ಆಳುದ್ದ ಹಿಮವಾಗಿ ನಿಲ್ಲುತ್ತದೆ. ಮಂಜುಗಡ್ಡೆಯ ಮೇಲೆ ಓಡಾಡುವುದಕ್ಕೆ ಪಾದರಕ್ಷೆಯ ಅಡಿಯಲ್ಲಿ ಕಬ್ಬಿಣದ ಅಲಗನ್ನು ಕಟ್ಟಿಕೊಳ್ಳುತ್ತಾರೆ; ಇದು ಸ್ಕೇಟಿಂಗ್. ಹಿಮದ ಮೇಲೆ ಹಾಗೆ ನಡೆದರೆ ಸೊಂಟದವರೆಗೆ ಹೂತುಹೋಗುವ ಭಯವುಂಟು. ಆದುದರಿಂದ ಆಳಿಗಿಂತ ಉದ್ದವಾದ, ತೆಳುವಾದ, ಮುಂದಿನ ತುದಿ ಮೇಲಕ್ಕೆ ಬಾಗಿದ ಎರಡು ಮರದ ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡು ಜಾರುತ್ತ ಸಾಗುತ್ತಾರೆ. ಈ ಹಲಗೆಗೆ ಸ್ಕೀ ಎಂದು ಹೆಸರು. ಲೋಕದ ಅನೇಕ ಭಾಷೆಗಳು ಈ ಮಾತನ್ನು ನಾರ್ವೆಯವರಿಂದಲೇ ಎರವು ಪಡೆದುವು.

ಮಾತು ಅಲ್ಲಿಯದಾದಂತೆ ವಿದ್ಯೆಯೂ ಅಲ್ಲಿ ಬಹು ಪುರಾತನವಾದುದು. ನಾರ್ವೆಯ ಉತ್ತರ ತೀರದ ಒಂದು ಬಂಡೆಯ ಮೇಲೆ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನವರು ಸ್ಕೀ ತೊಟ್ಟ ಮನುಷ್ಯನೊಬ್ಬನ ರೇಖಾಚಿತ್ರವನ್ನು ಕೆತ್ತಿದ್ದರು. ೧೨೦೬ರಲ್ಲಿ ಅಂತರ್ಯುದ್ಧದ ಕಾಲದಲ್ಲಿ, ಹೋಕುನ್ ಎಂಬ ಎಳೆಯ ರಾಜಕುಮಾರನನ್ನು ಇಬ್ಬರು ಯೋಧರು ಸ್ಕೀಗಳ ಮೇಲೆ ಬೆಟ್ಟ ದಾಟಿಸಿ ಕಾಪಾಡಿದರೆಂಬ ಕಥೆ ಅಲ್ಲಿಯ ಮನೆಮನೆಯ ಮಾತು. ಚಳಿಗಾಲದಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವವನಿಗೂ, ಕಾಡಿಗೆ ಸೌದೆಗೆಂದು ಹೊರಟವನಿಗೂ, ಬೇಟೆಗಾರನಿಗೂ, ಪಾಠಶಾಲೆಗೆ ಹೋಗುವ ಹುಡುಗನಿಗೂ ಸ್ಕೀ ಬೇಕಾಗಿತ್ತು. ನಮ್ಮ ಕರಾವಳಿಯವರಿಗೆ ದೋಣಿ ಹೇಗೋ ಅವರಿಗೆ ಅದು ಹಾಗಿತ್ತು. ವಿನೋದಕ್ಕೆ ಮೊದಲು ಅದು ಜೀವನೋಪಾಯವಾಗಿತ್ತು.

ಈ ಉಪಾಯವನ್ನು ಕಲೆಯನ್ನಾಗಿ ಮಾಡಿದವನೆಂದು ಪ್ರಸಿದ್ಧನಾದವನು ಸೋಂದ್ರೆ ನೋರ್ಹೈಮ್. ಇವನು ೧೮೨೫ರಲ್ಲಿ ಟೆಲೆಮಾರ್ಕ್ ಪ್ರಾಂತದ ಮೋರ್ಗೆದಾಲ್ ಎಂಬ ಕಣಿವೆಯಲ್ಲಿ ಹುಟ್ಟಿದ ಬಡ ಒಕ್ಕಲಿಗ. ಹಿಂದಿನವರು ಸ್ಕೀಯನ್ನು ಕಾಲ್ಬೆರಳಿನ ಬಳಿ ಒಂದು ಪಟ್ಟಿಯಿಂದ ಮಾತ್ರ ಕಟ್ಟುತ್ತಿದ್ದರು. ಹಿಮ್ಮಡಿ ಸಡಿಲವಾಗಿದ್ದುದರಿಂದ ವೇಗವಾಗಿ ತಿರುಗುವುದಾಗಲಿ ಹಾರುವುದಾಗಲಿ ಕಷ್ಟವಾಗಿತ್ತು. ನೋರ್ಹೈಮನು ಹೊಸೆದ ಬೇರುಗಳ ಕಟ್ಟನ್ನು ಹಿಮ್ಮಡಿಯ ಸುತ್ತಲೂ ತಂದು ಬಿಗಿದನು. ಹಲಗೆ ಕಾಲಿನ ಮಾತು ಕೇಳತೊಡಗಿತು. ಇಳಿಜಾರಿನಲ್ಲಿ ಬೇಕಾದ ಕಡೆಗೆ ತಿರುಗುವುದೂ, ದಿಬ್ಬದ ಮೇಲಿನಿಂದ ಗಾಳಿಯಲ್ಲಿ ಹಾರಿ ನೆಲಕ್ಕಿಳಿದು ನಿಲ್ಲುವುದೂ ಸಾಧ್ಯವಾಯಿತು. ೧೮೬೮ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಅವನು ರಾಜಧಾನಿಯಾದ ಕ್ರಿಸ್ಟಿಯಾನಿಯಾ ನಗರಕ್ಕೆ ಬಂದು ಅಲ್ಲಿಯ ಪಂದ್ಯದಲ್ಲಿ ಜನರನ್ನು ಬೆರಗುಗೊಳಿಸಿದನು. ಈ ನಗರಕ್ಕೆ ೧೯೨೫ರಿಂದ ಓಸ್ಲೋ ಎಂಬ ಹೆಸರು ಬಂದಿದೆ. ಹಳ್ಳಿಯ ವಿದ್ಯೆಗೆ ಪಟ್ಟಣದ ಮನ್ನಣೆ ದೊರೆತುದು ಹೀಗೆ. ೧೮೯೨ರಿಂದ ಆ ನಗರದ ಮಗ್ಗುಲಿನ ಹೋಲ್ಮೆನ್‌ಕೊಲೆನ್ ಗುಡ್ಡದಲ್ಲಿ ವರ್ಷಕ್ಕೊಮ್ಮೆ ನಡೆಯತೊಡಗಿದ ಪಂದ್ಯಗಳು, ನಮ್ಮಲ್ಲಿ ಊರಹಬ್ಬಕ್ಕೆ ಜನ ನೆರೆಯುವಂತೆ, ಜನರನ್ನು ಸಹಸ್ರಗಟ್ಟಳೆಯಾಗಿ ಸೆಳೆದುವು.

ಇದೇ ಕಾಲದಲ್ಲಿ ನಾರ್ವೆಯು ಸ್ವೀಡನ್ನಿನ ಅರಸನ ಕೆಳಗಿದ್ದ ಸಂಯುಕ್ತ ರಾಜ್ಯದಿಂದ ಬಿಡುಗಡೆ ಹೊಂದಲು ಹವಣಿಸುತ್ತಿತ್ತು. ೧೯೦೫ರಲ್ಲಿ ಅದು ಸ್ವತಂತ್ರವಾಯಿತು. ತನ್ನತನವೇನೆಂದು ಹುಡುಕುತ್ತಿದ್ದ ಸಣ್ಣ ಜನಾಂಗಕ್ಕೆ ಸ್ಕೀ ಒಂದು ಗುರುತಾಗಿ ಒದಗಿತು. ೧೮೮೮ರಲ್ಲಿ ಫ್ರಿತ್ಯೋಫ್ ನಾನ್ಸೆನ್ನನು ಸ್ಕೀಗಳ ಮೇಲೆ ಗ್ರೀನ್‌ಲೆಂಡಿನ ಹಿಮರಾಶಿಯನ್ನು ಅಡ್ಡ ದಾಟಿದನು. ೧೯೧೧ರ ಡಿಸೆಂಬರ್ ೧೪ರಂದು ರೋವಾಲ್ಡ್ ಅಮುಂಡ್ಸೆನ್ನನ ತಂಡ, ನಾಯಿಬಂಡಿ ಮತ್ತು ಸ್ಕೀಗಳ ನೆರವಿನಿಂದ, ಎಲ್ಲರಿಗಿಂತ ಮೊದಲು ದಕ್ಷಿಣ ಧ್ರುವವನ್ನು ಮುಟ್ಟಿತು. ಹೀಗಿರುವಲ್ಲಿ ನಾರ್ವೆಯವರು ಸ್ಕೀಯನ್ನು ಬರಿಯ ಆಟವೆಂದು ಬಗೆಯಲಿಲ್ಲವಾದರೆ ಆಶ್ಚರ್ಯವೇನು?

ಅವರ ಭಾಷೆಯಲ್ಲಿ ಇದ್ರೆಟ್ ಎಂಬ ಮಾತೊಂದುಂಟು. ಅದನ್ನು ಕ್ರೀಡೆ ಎಂದು ಅನುವಾದಿಸಿದರೆ ಅರ್ಥ ಪೂರ್ತಿಯಾಗುವುದಿಲ್ಲ. ಮೈಯ ಬಲ, ಮನಸ್ಸಿನ ಧೈರ್ಯ, ಕೈಚಳಕ, ನಡತೆ ಇವು ನಾಲ್ಕೂ ಕೂಡಿದ ಸಾಧನೆ ಎಂಬುದು ಅದರ ಭಾವ. ಕೇವಲ ದೂರ ಓಡಬಲ್ಲವನು ಪೂರ್ಣನಾದ ಸ್ಕೀಗಾರನಲ್ಲ. ಕೇವಲ ಎತ್ತರದಿಂದ ಹಾರಬಲ್ಲವನೂ ಅಲ್ಲ. ಎರಡನ್ನೂ ಬಲ್ಲವನೇ ಪೂರ್ಣನು ಎಂಬುದು ಅವರ ಮತ. ಅದುಕಾರಣ ಓಟವನ್ನೂ ಹಾರಾಟವನ್ನೂ ಕೂಡಿಸಿ ಎಣಿಸುವ ಸಂಯುಕ್ತ ಪಂದ್ಯವೇ ಅವರಲ್ಲಿ ಎಲ್ಲಕ್ಕಿಂತ ಗೌರವದ್ದಾಗಿತ್ತು.

ಇತ್ತ ಆಧುನಿಕ ಒಲಿಂಪಿಕ್ ಪಂದ್ಯಗಳನ್ನು ಸ್ಥಾಪಿಸಿದ ಫ್ರಾನ್ಸಿನ ಕುಬೆರ್ತ್ಯಾಂ ಪ್ರಭುವಿನ ಸಂಸ್ಥೆಯಲ್ಲಿ, ಹಿಮದ ಆಟಗಳಿಗೂ ಒಂದು ಸ್ಥಾನ ಕೊಡಬೇಕೆಂಬ ಮಾತು ಹೊರಟಿತು. ೧೯೦೮ರ ಲಂಡನ್ ಪಂದ್ಯಗಳಲ್ಲಿ ಸ್ಕೇಟಿಂಗ್ ನರ್ತನವೂ, ೧೯೨೦ರ ಆಂಟ್‌ವರ್ಪ್ ಪಂದ್ಯಗಳಲ್ಲಿ ಅದರ ಜೊತೆಗೆ ಮಂಜಿನ ಹಾಕಿಯೂ ಆಗಲೇ ನಡೆದಿದ್ದುವು. ಪ್ರತ್ಯೇಕವಾಗಿಯೇ ಒಂದು ಚಳಿಗಾಲದ ಮೇಳ ನಡೆಯಲೆಂದು ಆಲ್ಪ್ಸ್ ಸೀಮೆಯ ದೇಶಗಳು ಬಯಸಿದುವು. ಇದನ್ನು ಬಲವಾಗಿ ವಿರೋಧಿಸಿದವರು ನಾರ್ವೆ ಮತ್ತು ಸ್ವೀಡನ್ ದೇಶದವರು. ೧೯೦೧ರಿಂದ ಸ್ಟಾಕ್‌ಹೋಮಿನಲ್ಲಿ ಉತ್ತರ ದೇಶಗಳ ಕ್ರೀಡೋತ್ಸವಗಳು ನಡೆದು ಬಂದಿದ್ದುವು. ಹೋಲ್ಮೆನ್‌ಕೊಲೆನ್ ಪಂದ್ಯಗಳಂತೂ ಇದ್ದೇ ಇದ್ದುವು. ಹೊಸ ಮೇಳವು ಇವುಗಳ ಬೆಳಕನ್ನು ಕುಂದಿಸೀತೆಂಬ ಭಯ ಒಂದು. ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದುದು. ಹಿಮವೆಂಬುದು ಅವರಿಗೆ ನಿತ್ಯದ ಬದುಕು. ಆಲ್ಪ್ಸ್ ಪರ್ವತದ ಊರುಗಳಲ್ಲಿ ಅದು ಹೋಟೆಲುಗಳ ಋತು. ತಮ್ಮ ಹಿರಿಯರ ವಿದ್ಯೆ ಪ್ರವಾಸಿಗಳ ಮನರಂಜನೆಯಾಗಿಬಿಡಬಾರದೆಂದು ಅವರು ಅಂಜಿದರು.

ಈ ಆಕ್ಷೇಪದಲ್ಲಿ ಸ್ವಾರ್ಥವೂ ಬೆರೆತಿತ್ತು, ಇಲ್ಲವೆನ್ನುವಂತಿಲ್ಲ. ತಾವೇ ನಿಯಮ ಮಾಡಿ, ತಾವೇ ಆಡಿ, ತಾವೇ ಗೆಲ್ಲುವ ಆಟದಲ್ಲಿ ಹೊರಗಿನವರಿಗೆ ಪಾಲು ಕೊಡಲು ಮನಸ್ಸು ಹಿಂಜರಿಯುವುದು ಸಹಜವೇ. ಆದರೂ ಅವರ ಭಯ ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕತಕ್ಕುದಲ್ಲ. ಒಂದು ನೆಲದ ಕಲೆ ತನ್ನ ನೆಲವನ್ನು ಬಿಟ್ಟು ಪರಸ್ಥಳದ ರಂಗಕ್ಕೆ ಏರಿದಾಗ ಅದು ಏನನ್ನು ಪಡೆಯುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬ ಪ್ರಶ್ನೆ ಎಲ್ಲ ದೇಶದವರಿಗೂ ಒಂದಲ್ಲ ಒಂದು ಸಂದರ್ಭದಲ್ಲಿ ಎದುರಾಗುವಂಥದೇ.

ಕಡೆಗೆ ೧೯೨೧ರಲ್ಲಿ ಲೋಸಾನ್ ನಗರದ ಸಮಾವೇಶದಲ್ಲಿ ಒಂದು ಮಧ್ಯಮಾರ್ಗ ಸಿದ್ಧವಾಯಿತು. ೧೯೨೪ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಿಗೆ ಮುನ್ನ, ಫ್ರಾನ್ಸಿನಲ್ಲಿ ಒಂದು ಅಂತಾರಾಷ್ಟ್ರೀಯ ಹಿಮಕ್ರೀಡಾ ಸಪ್ತಾಹವನ್ನು ನಡೆಸತಕ್ಕದ್ದು. ಒಲಿಂಪಿಕ್ ಸಂಸ್ಥೆಯು ಅದಕ್ಕೆ ಪೋಷಕನಾಗಿರತಕ್ಕದ್ದು. ಆದರೆ ಅದನ್ನು ಒಲಿಂಪಿಕ್ ಪಂದ್ಯವೆಂದು ಕರೆಯತಕ್ಕದ್ದಲ್ಲ. ಹೆಸರಿನ ಮೇಲೆ ಒಪ್ಪಂದವಾದ ಮೇಲೆ ನಾರ್ವೆಯವರು ಬರುವುದಕ್ಕೆ ಸಮ್ಮತಿಸಿದರು.

ಸಪ್ತಾಹವೆಂಬ ಹೆಸರಿದ್ದರೂ ಅದು ನಡೆದುದು ಹನ್ನೆರಡು ದಿನ, ೧೯೨೪ರ ಜನವರಿ ೨೫ರಿಂದ ಫೆಬ್ರವರಿ ೫ರವರೆಗೆ. ಯೂರೋಪಿನಲ್ಲಿ ಅತ್ಯುನ್ನತ ಶಿಖರಗಳಲ್ಲೊಂದಾದ ಮೋಂ ಬ್ಲಾಂ ಪರ್ವತದ ಅಡಿಯಲ್ಲಿ ೧೬ ದೇಶಗಳ ಸುಮಾರು ೨೫೦ ಮಂದಿ ಸ್ಪರ್ಧಿಗಳು ನೆರೆದರು. ಅವರಲ್ಲಿ ಹೆಂಗಸರು ಹತ್ತು ಹನ್ನೊಂದು ಮಂದಿ ಮಾತ್ರ. ಅವರಿಗೆ ಸ್ಕೇಟಿಂಗ್ ನರ್ತನವನ್ನು ಬಿಟ್ಟು ಬೇರೆ ಪಂದ್ಯವಿರಲಿಲ್ಲ. ಅವರೊಳಗೆ ನಾರ್ವೆಯಿಂದ ಬಂದಿದ್ದ ಸೋನ್ಯಾ ಹೆನಿ ಎಂಬ ಬಾಲಿಕೆಗೆ ಹನ್ನೊಂದೇ ವರ್ಷ. ಎಂಟು ಮಂದಿಯಲ್ಲಿ ಅವಳು ಎಂಟನೆಯವಳಾದಳು. ಆದರೆ ೧೯೨೮, ೧೯೩೨, ೧೯೩೬ ಈ ಮೂರು ಮೇಳಗಳಲ್ಲಿಯೂ ಚಿನ್ನದ ಪದಕ ಅವಳಿಗೇ ಸಂದಿತು.

ಮೊದಲ ದಿನಗಳಲ್ಲಿ ನಡೆದ ಸ್ಕೇಟಿಂಗ್ ಓಟಗಳು ನಾರ್ವೆಯವರಿಗೆ ಅಷ್ಟೇನೂ ಒದಗಿಬರಲಿಲ್ಲ. ಮೊತ್ತಮೊದಲನೆಯ ಚಿನ್ನದ ಪದಕವನ್ನು ೫೦೦ ಮೀಟರ್ ಓಟದಲ್ಲಿ ಅಮೆರಿಕದ ಜೂಟ್ರಾ ಗೆದ್ದನು. ಉಳಿದ ಓಟಗಳಲ್ಲಿ ಫಿನ್‌ಲೆಂಡಿನ ಕ್ಲಾಸ್ ಟುನ್‌ಬೆರ್ಗನೂ ಅವನ ಸಂಗಡಿಗ ಸ್ಕುಟ್ನಾಬನೂ ಮುಂದಾದರು. ನಾರ್ವೆಯ ರೋವಾಲ್ಡ್ ಲಾರ್ಸೆನ್ ಎರಡು ಬೆಳ್ಳಿ, ಮೂರು ಕಂಚು, ಹೀಗೆ ಐದು ಪದಕಗಳನ್ನು ಪಡೆದರೂ ಅವನಿಗೆ ಚಿನ್ನ ದಕ್ಕಲಿಲ್ಲ. ಹಿಂದಿನ ತಲೆಮಾರಿನ ಮಹಾ ಸ್ಕೇಟರ್ ನಾರ್ವೆಯ ಓಸ್ಕಾರ್ ಮಾಥಿಸೆನ್ ಅಲ್ಲಿರಲಿಲ್ಲ. ಅವನು ಹಣಕ್ಕಾಗಿ ಓಡುವ ವೃತ್ತಿಯವನಾಗಿದ್ದುದರಿಂದ ಆ ಕಾಲದ ನಿಯಮದಂತೆ ಅವನಿಗೆ ಬಾಗಿಲು ಮುಚ್ಚಿತ್ತು. ೧೯೧೪ರಲ್ಲಿ ೧೫೦೦ ಮೀಟರ್ ದೂರಕ್ಕೆ ಅವನು ಸ್ಥಾಪಿಸಿದ ದಾಖಲೆ ೧೯೩೭ರವರೆಗೆ ಮುರಿಯದೆ ನಿಂತಿತೆಂಬುದನ್ನು ನೆನೆದರೆ, ಅವನ ಗೈರುಹಾಜರಿಯಿಂದ ಆದ ನಷ್ಟ ಎಷ್ಟೆಂಬುದು ತಿಳಿಯುತ್ತದೆ.

ಸ್ಕೀ ಪಂದ್ಯಗಳು ಆರಂಭವಾದೊಡನೆ ಕಥೆ ಬೇರೆಯಾಯಿತು. ಜನವರಿ ೩೦ರಂದು ೫೦ ಕಿಲೋಮೀಟರ್ ಓಟ. ಅಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಮೂವತ್ತೊಂದು ಮೈಲಿ. ಆಗ ಈ ಓಟದಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಿರಲಿಲ್ಲ. ಒಬ್ಬೊಬ್ಬರನ್ನಾಗಿ ಸ್ವಲ್ಪ ಸ್ವಲ್ಪ ಅಂತರದಲ್ಲಿ ಬಿಡುತ್ತಿದ್ದರು. ಎದುರಾಳಿ ಎಲ್ಲಿದ್ದಾನೆಂಬುದು ಕಣ್ಣಿಗೆ ಕಾಣುತ್ತಿರಲಿಲ್ಲ. ಓಡುವವನು ಗಡಿಯಾರದ ಸಂಗಡವೇ ಹೋರಾಡಬೇಕಾಗಿತ್ತು. ಹಲಗೆಯ ಅಡಿಗೆ ಮೇಣ ಬಳಿಯುವುದೂ ಒಂದು ದೊಡ್ಡ ವಿದ್ಯೆ. ಏರುವಾಗ ಹಲಗೆ ಹಿಂದಕ್ಕೆ ಜಾರಬಾರದು, ಇಳಿಯುವಾಗ ತಡೆಯಬಾರದು. ಹಿಮದ ಶೈತ್ಯಕ್ಕೆ ತಕ್ಕಂತೆ ಮೇಣವೂ ಬೇರೆಯಾಗಬೇಕು. ಬೆಳಗಿನ ಗಟ್ಟಿ ಹಿಮಕ್ಕೆ ಒಪ್ಪುವ ಮೇಣ ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮಕ್ಕೆ ಒಪ್ಪದು. ಹುಟ್ಟಿದಂದಿನಿಂದ ಹಿಮವನ್ನು ಕೈಯಲ್ಲಿ ಮುಟ್ಟಿ ಬಲ್ಲವನಿಗೆ ಇಲ್ಲಿ ಮೇಲುಗೈ.

ಆ ದಿನ ಮೊದಲ ನಾಲ್ಕು ಸ್ಥಾನಗಳೂ ನಾರ್ವೆಯವರವೇ ಆದುವು. ಮೊದಲಿಗನು ಟೋರ್ಲೈಫ್ ಹೌಗ್. ಡ್ರಾಮೆನ್ ಊರಿನ ಕಡೆಯವನಾದ ಇವನು ಹೋಲ್ಮೆನ್‌ಕೊಲೆನ್ನಿನ ೫೦ ಕಿಲೋಮೀಟರ್ ಓಟವನ್ನು ತನ್ನ ಜೀವಮಾನದಲ್ಲಿ ಆರು ಸಲ ಗೆದ್ದವನು. ಶಾಮೊನಿಯಲ್ಲಿ ಆ ದೂರವನ್ನು ೩ ಗಂಟೆ ೪೪ ನಿಮಿಷ ೩೨ ಸೆಕೆಂಡುಗಳಲ್ಲಿ ಕ್ರಮಿಸಿದನು. ಟೋರಾಲ್ಫ್ ಸ್ಟ್ರೋಮ್‌ಸ್ಟಾಡ್ ಎರಡನೆಯವನು, ಯೋಹಾನ್ ಗ್ರೋಟುಮ್ಸ್‌ಬ್ರೋಟೆನ್ ಮೂರನೆಯವನು. ಮೂರು ದಿನಗಳ ತರುವಾಯ ನಡೆದ ೧೮ ಕಿಲೋಮೀಟರ್ ಓಟದಲ್ಲಿಯೂ ಹೌಗನೇ ಮೊದಲಿಗನು. ಗ್ರೋಟುಮ್ಸ್‌ಬ್ರೋಟೆನ್ ಎರಡನೆಯವನಾದನು. ಮೂರನೆಯ ಸ್ಥಾನವನ್ನು ಮಾತ್ರ ಫಿನ್‌ಲೆಂಡಿನ ನಿಕು ಕಸಿದುಕೊಂಡನು. ಅವರು ಅತ್ಯಂತ ಗೌರವಿಸುವ ಸಂಯುಕ್ತ ಪಂದ್ಯದಲ್ಲಿ ಮತ್ತೆ ಹೌಗ್, ಸ್ಟ್ರೋಮ್‌ಸ್ಟಾಡ್, ಗ್ರೋಟುಮ್ಸ್‌ಬ್ರೋಟೆನ್ ಇದೇ ಕ್ರಮದಲ್ಲಿ ಬಂದರು, ನಾಲ್ಕನೆಯವನೂ ನಾರ್ವೆಯವನೇ.

ಇನ್ನು ಉಳಿದುದು ಫೆಬ್ರವರಿ ೪ರಂದು ನಡೆದ ಸ್ಕೀ ಹಾರಾಟ. ಇದರ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಮುಂದಿನ ಕಥೆಗೆ ಅದೇ ಆಧಾರ. ಸ್ಪರ್ಧಿಯು ಕಡಿದಾದ ಇಳಿಜಾರಿನಲ್ಲಿ ಜಾರಿ ಬಂದು, ಕೆಳಗಿನ ಕಟ್ಟೆಯ ಅಂಚಿನಿಂದ ಗಾಳಿಗೆ ಹಾರಿ, ಆಚೆಯ ಇಳಿಜಾರಿನ ಮೇಲೆ ಇಳಿಯುತ್ತಾನೆ. ಹೀಗೆ ಎರಡು ಸಲ. ಎಷ್ಟು ಮೀಟರ್ ಹಾರಿದನೆಂಬುದು ಒಂದು ಲೆಕ್ಕ. ಹೇಗೆ ಹಾರಿದನು, ಗಾಳಿಯಲ್ಲಿ ಮೈಯನ್ನು ಹೇಗೆ ಹಿಡಿದನು, ಇಳಿದು ಹೇಗೆ ನಿಂತನು ಎಂಬ ಶೈಲಿ ಇನ್ನೊಂದು. ತೀರ್ಪುಗಾರರು ಶೈಲಿಗೆ ಅಂಕ ಕೊಡುತ್ತಾರೆ. ದೂರವನ್ನೂ ಅಂಕಕ್ಕೆ ಇಳಿಸುತ್ತಾರೆ. ಆಗ ಎಲ್ಲವನ್ನೂ ಕೂಡಿ ಭಾಗಿಸಿ, ಒಂದು ಸಂಖ್ಯೆಯನ್ನು ಮೂರು ದಶಾಂಶಗಳವರೆಗೆ ಬರೆಯುತ್ತಿದ್ದರು. ಚಳಿಯಲ್ಲಿ ಕೈ ಸೆಡೆತ ಗುಮಾಸ್ತನು ಕಾಗದದ ಮೇಲೆ ಮಾಡುತ್ತಿದ್ದ ಕೂಡುವಿಕೆ ಇದು ಎಂಬುದನ್ನು ಮರೆಯಬಾರದು.

ನಾರ್ವೆಯ ಟುಲಿನ್ ಟಾಮ್ಸ್ ಮೊದಲಿಗನಾದನು, ಬೊನ್ನಾ ಎರಡನೆಯವನಾದನು. ಮೂರನೆಯ ಸ್ಥಾನ ೧೮.೦೦೦ ಅಂಕಗಳೊಂದಿಗೆ ಹೌಗನಿಗೆ ಸಂದಿತು. ನಾಲ್ಕನೆಯವನಾದ ಅಮೆರಿಕದ ಆಂಡರ್ಸ್ ಹೌಗೆನ್ನನ ಅಂಕ ೧೭.೯೧೬, ಇಬ್ಬರ ನಡುವೆ ಒಂದು ಅಂಕದ ಹತ್ತನೆಯ ಒಂದು ಪಾಲೂ ಇರಲಿಲ್ಲ. ಈ ಹೌಗೆನ್ನನು ಹುಟ್ಟಿನಿಂದ ನಾರ್ವೆಯವನೇ. ೧೮೮೮ರಲ್ಲಿ ಟೆಲೆಮಾರ್ಕಿನಲ್ಲಿ ಹುಟ್ಟಿ, ಯೌವನದಲ್ಲಿ ವಲಸೆ ಹೋಗಿ, ಅಮೆರಿಕದ ಸ್ಕೀ ತಂಡದ ನಾಯಕನಾಗಿ ಬಂದಿದ್ದನು. ಆ ದಿನದ ಅತಿ ದೂರದ ಹಾರಾಟ ಅವನದೇ, ೫೦ ಮೀಟರ್. ಶೈಲಿಯಲ್ಲಿ ಮಾತ್ರ ಅವನಿಗೆ ಕಡಿಮೆ ಅಂಕ ಬಂದಿತ್ತು. ಪದಕವಿಲ್ಲದೆ ಅವನು ಹಿಂದಿರುಗಿದನು.

ಹೀಗೆ ನಾರ್ವೆಯ ತಂಡ ನಾಲ್ಕು ಚಿನ್ನ, ಏಳು ಬೆಳ್ಳಿ, ಏಳು ಕಂಚು, ಒಟ್ಟು ಹದಿನೆಂಟು ಪದಕಗಳೊಂದಿಗೆ ಮರಳಿತು. ಫಿನ್‌ಲೆಂಡಿಗೂ ನಾಲ್ಕು ಚಿನ್ನ ಬಂದಿದ್ದರೂ ಅದರ ಒಟ್ಟು ಮೊತ್ತ ಹನ್ನೊಂದು. ಸುಮಾರು ೨೭ ಲಕ್ಷ ಜನರಿದ್ದ ಒಂದು ದೇಶಕ್ಕೆ ಇದು ಸಾಮಾನ್ಯವಾದ ಸಾಧನೆಯಲ್ಲ. ಗೆಲುವು ಮನಸ್ಸನ್ನು ಮೆತ್ತಗೆ ಮಾಡುತ್ತದೆಂಬ ಮಾತು ಇಲ್ಲಿಯೂ ನಿಜವಾಯಿತು. ವಿರೋಧದ ಧ್ವನಿ ಕ್ರಮೇಣ ತಗ್ಗಿತು. ೧೯೨೫ರಲ್ಲಿ ಪ್ರಾಗ್ ನಗರದಲ್ಲಿ ಚಳಿಗಾಲದ ಒಲಿಂಪಿಕ್ ಪಂದ್ಯಗಳನ್ನು ಪ್ರತ್ಯೇಕವಾಗಿ ನಡೆಸುವ ನಿರ್ಣಯವಾಯಿತು. ಮರುವರ್ಷ ಲಿಸ್ಬನ್ನಿನಲ್ಲಿ ಶಾಮೊನಿಯ ಸಪ್ತಾಹವನ್ನೇ ಅವುಗಳಲ್ಲಿ ಮೊದಲನೆಯದೆಂದು ಘೋಷಿಸಿದರು. ಹೆಸರು ಬೇಡವೆಂಬ ಷರತ್ತಿನ ಮೇಲೆ ಬಂದಿದ್ದವರು, ಎರಡು ವರ್ಷಗಳ ಮೇಲೆ ತಮಗೆ ತಿಳಿಯದೆಯೇ ಒಲಿಂಪಿಕ್ ವೀರರಾಗಿದ್ದರು. ಸ್ಟಾಕ್‌ಹೋಮಿನ ಉತ್ಸವಗಳು ೧೯೨೬ರ ತರುವಾಯ ನಡೆಯಲಿಲ್ಲ. ಹಿಂದಿನವರ ಭಯದಲ್ಲಿ ಒಂದು ಭಾಗವಂತೂ ನಿಜವಾಯಿತೆಂದು ಒಪ್ಪಬೇಕು. ಹೋಲ್ಮೆನ್‌ಕೊಲೆನ್ ಮಾತ್ರ ಉಳಿಯಿತು, ಬೆಳೆಯಿತು.

ಹೌಗನ ಆಯುಸ್ಸು ದೀರ್ಘವಾಗಿರಲಿಲ್ಲ. ೧೯೩೪ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಜ್ವರದಿಂದ ತೀರಿಕೊಂಡನು. ಅವನ ನೆನಪಿಗಾಗಿ ಡ್ರಾಮೆನ್ನಿನಲ್ಲಿ ಪ್ರತಿಮೆಯೊಂದನ್ನು ನಿಲ್ಲಿಸಿದರು. ಅವನು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ, ೧೯೭೪ರಲ್ಲಿ, ಶಾಮೊನಿ ಪಂದ್ಯಗಳಿಗೆ ಅರ್ಧ ಶತಮಾನ ತುಂಬಿದ ಸಂದರ್ಭದಲ್ಲಿ ಹಳೆಯ ಅಂಕಪಟ್ಟಿ ಮತ್ತೆ ಬೆಳಕಿಗೆ ಬಂದಿತು. ಹೌಗನ ಸಂಗಡ ಓಡಿ ಅವನ ಹಿಂದೆಯೇ ಎರಡನೆಯವನಾಗಿದ್ದ ಸ್ಟ್ರೋಮ್‌ಸ್ಟಾಡನು ಇನ್ನೂ ಬದುಕಿದ್ದನು. ಹಾರಾಟದ ಲೆಕ್ಕದ ಮೇಲಿನ ಸಂಶಯವನ್ನು ಅವನು ಎತ್ತಿದನು. ನಾರ್ವೆಯ ಕ್ರೀಡಾ ಇತಿಹಾಸಕಾರ ಯಾಕೋಬ್ ವೋಗೆ ಅಂಕಗಳನ್ನು ಮತ್ತೆ ಕೂಡಿ ನೋಡಿದನು. ಹೌಗನಿಗೆ ಬರೆದಿದ್ದ ಸಂಖ್ಯೆ ತಪ್ಪು. ಸರಿಯಾಗಿ ಎಣಿಸಿದರೆ ಅದು ಹೌಗೆನ್ನನ ಅಂಕಕ್ಕಿಂತ ಕೆಳಗೆ ನಿಲ್ಲುತ್ತಿತ್ತು. ತೀರ್ಪುಗಾರರ ಪಕ್ಷಪಾತವಾಗಲಿ ಸ್ಪರ್ಧಿಯ ಮೋಸವಾಗಲಿ ಇದರಲ್ಲಿ ಏನೂ ಇರಲಿಲ್ಲ. ಬರಿಯ ಕೂಡುವಿಕೆಯ ದೋಷ. ಅಂತಾರಾಷ್ಟ್ರೀಯ ಒಲಿಂಪಿಕ್ ಸಂಸ್ಥೆ ಇದನ್ನು ಒಪ್ಪಿಕೊಂಡಿತು. ಎಂಬತ್ತೈದು ವರ್ಷದ ವೃದ್ಧನಾಗಿದ್ದ ಹೌಗೆನ್ ಓಸ್ಲೋ ನಗರಕ್ಕೆ ಬಂದನು. ತನ್ನ ತಂದೆಯ ಕಂಚಿನ ಪದಕವನ್ನು ಹೌಗನ ಮಗಳು ತನ್ನ ಕೈಯಾರೆ ಅವನಿಗೆ ಒಪ್ಪಿಸಿದಳು. ನಾರ್ವೆಯ ಮೊತ್ತ ಹದಿನೇಳಕ್ಕೆ ಇಳಿಯಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಈ ಸಂಶಯವನ್ನು ಎತ್ತಿದವರು ಅಮೆರಿಕದವರಲ್ಲ. ಪದಕ ಕಳೆದುಕೊಳ್ಳತಕ್ಕ ದೇಶದವರೇ. ಪ್ರತಿಮೆಯಾಗಿ ನಿಂತ ವೀರನೊಬ್ಬನ ಲೆಕ್ಕವನ್ನು, ಅವನು ಉತ್ತರ ಹೇಳುವುದಕ್ಕಿಲ್ಲದಾಗ, ಅವನ ಗೆಳೆಯನೇ ಕೆದಕಬೇಕೆ ಎಂದು ಯಾರಾದರೂ ಕೇಳಬಹುದು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗೊತ್ತಿದ್ದವನು ಸುಮ್ಮನಿರುವುದೂ ಒಂದು ಬಗೆಯ ಲೆಕ್ಕದ ತಪ್ಪೇ ಅಲ್ಲವೆ? ಹೌಗನ ಕೀರ್ತಿಗೆ ಇದರಿಂದ ಕುಂದೇನೂ ಬರಲಿಲ್ಲ. ಎರಡು ಓಟಗಳೂ ಸಂಯುಕ್ತ ಪಂದ್ಯವೂ ಅವನವಾಗಿಯೇ ಉಳಿದುವು. ಬಲ, ಧೈರ್ಯ, ಚಳಕ, ನಡತೆ ನಾಲ್ಕೂ ಕೂಡಿದುದೇ ಇದ್ರೆಟ್ ಎಂದು ಹಿಂದೆ ಹೇಳಿದೆವು. ಮೊದಲ ಮೂರನ್ನು ೧೯೨೪ರ ತಂಡ ಶಾಮೊನಿಯ ಹಿಮದಲ್ಲಿ ತೋರಿಸಿತು. ನಾಲ್ಕನೆಯದು ಕಾಣಬಂದುದು ಐವತ್ತು ವರ್ಷಗಳ ಮೇಲೆ ಒಂದು ಹಳೆಯ ಕಾಗದದ ಮುಂದೆ.

ತಮ್ಮ ಆಟ ಪರರ ಪಾಲಾಗಿ ಕೆಟ್ಟುಹೋದೀತೆಂದು ಅಂಜಿದವರ ದೇಶ, ಚಳಿಗಾಲದ ಒಲಿಂಪಿಕ್ ಪಂದ್ಯಗಳ ಒಟ್ಟು ಪದಕಗಳ ಎಣಿಕೆಯಲ್ಲಿ ಎಲ್ಲರಿಗಿಂತ ಮುಂದಿದೆ. ೧೯೫೨ರಲ್ಲಿ ಓಸ್ಲೋ ನಗರವೇ ಆ ಪಂದ್ಯಗಳಿಗೆ ಆತಿಥ್ಯ ನೀಡಿದಾಗ, ಪಂಜಿನ ಜ್ವಾಲೆಯನ್ನು ಗ್ರೀಸಿನ ಒಲಿಂಪಿಯಾದಿಂದ ತರಲಿಲ್ಲ. ಮೋರ್ಗೆದಾಲ್ ಕಣಿವೆಯಲ್ಲಿ ಸೋಂದ್ರೆ ನೋರ್ಹೈಮನು ಬಾಳಿದ ಬಡ ಮನೆಯ ಒಲೆಯಲ್ಲಿ ಹೊತ್ತಿಸಿ, ಸ್ಕೀಗಾರರ ಕೈಯಿಂದ ಕೈಗೆ ಸಾಗಿಸಿ ತಂದರು. ಪರರೊಡನೆ ಹಂಚಿಕೊಂಡ ವಿದ್ಯೆ ಎಲ್ಲಿ ಹುಟ್ಟಿತೆಂಬುದನ್ನು ಲೋಕಕ್ಕೆ ಜಗಳವಿಲ್ಲದೆ ನೆನಪು ಮಾಡಿಕೊಟ್ಟ ಬಗೆ ಅದು.